ಮೂರನೆಯ ಚುಕ್ಕಿ

ಹತ್ತೊಂಬತ್ತು ವರ್ಷ ನಾನು ಗಟ್ಟಿಯಾಗಿ ಓದಿದೆ,
ಓತಿಲ್ಯಾ ಬೆರಳಲ್ಲಿ ಕೇಳಿದಳು.
ವೂಚ್ ನಗರದ ಬ್ರೈಲ್ ಮುದ್ರಣಾಲಯ, ಎರಡನೇ ಮಹಡಿ,
ಕಿಟಕಿ ನನಗೆ, ಅದರ ಬಿಸಿಲು ಅವಳಿಗೆ.
ನಾನು ಅಚ್ಚಿನ ಪ್ರತಿ ಹಿಡಿದು ಅಲ್ಪವಿರಾಮ ಸಹಿತ ಒದರುವುದು,
ಅವಳು ಉಬ್ಬುಚುಕ್ಕಿಗಳ ಮೇಲೆ ಬೆರಳೋಡಿಸಿ
"ನಿಲ್ಲು" ಅನ್ನುವುದು.
ಅವಳು ನಿಲ್ಲು ಅಂದಲ್ಲಿ ತಪ್ಪಿಲ್ಲದೆ ಇದ್ದದ್ದು
ನನ್ನ ನೆನಪಿನಲ್ಲಿ ಎರಡೇ ಸಲ.

ಎದೆಯ ಗಂಟನ್ನೂ ಅವಳೇ ಕಂಡದ್ದು, ಅದೇ ಬೆರಳಲ್ಲಿ.
"ಇಲ್ಲೊಂದು ಚುಕ್ಕಿ ಹೆಚ್ಚಿಗೆ ಬಿದ್ದಿದೆ" ಅಂದಳು
ಫೋನಿನಲ್ಲಿ, ಒಂದು ಭಾನುವಾರ.

ಡಾಕ್ಟರು ಬಿಡಿಸಿ ಹೇಳಿದರು:
ಕೋಶವೊಂದು ಎರಡಾಗುವಾಗ
ಒಳಗೆ ಕದಿರು ಕಟ್ಟಿಕೊಳ್ಳುತ್ತದೆ, ಎಳೆ ಎಳೆಯಾಗಿ.
ಎಳೆಗಳು ಜಗ್ಗಿ, ಸಡಿಲಿ, ಕರಗಬೇಕು;
ಕರಗಿದರೇ ಇಬ್ಬರಿಗೂ ಪಾಲು.
ಈ ಮದ್ದು ಎಳೆಯನ್ನು ಕಡಿಯುವುದಿಲ್ಲ,
ಕರಗಗೊಡುವುದಿಲ್ಲ, ಅಷ್ಟೆ.
ಪಾಲಾಗಲಾರದೆ ಕೋಶ ನಿಂತಲ್ಲೇ ಸಾಯುತ್ತದೆ.

ಓತಿಲ್ಯಾ ನಕ್ಕಳು. ಅವಳಮ್ಮ ಇದೇ ಊರಿನ
ನೂಲಿನ ಗಿರಣಿಯಲ್ಲಿ ಸವೆದವಳು.
"ಕದಿರು ನಿಂತರೆ ಮೇಸ್ತ್ರಿ ಕೂಲಿ ಮುರಿಯುತ್ತಿದ್ದ.
ಇಲ್ಲಿ ನಿಲ್ಲಿಸುವುದಕ್ಕೇ ಸಂಬಳವಾ?"

ಮೂಲದಲ್ಲಿ ಮರದ ಮದ್ದು. ನಾವು ಚಿಸ್ ಅನ್ನುತ್ತೇವೆ,
ಗೋರಿಗಳ ನಡುವೆ ಕಪ್ಪಗೆ ನಿಲ್ಲುವ ಯೂ ಮರ.
ಅದರ ಬೀಜ ಕುದುರೆಯನ್ನೂ ಕೆಡವುತ್ತದೆಂದು
ಅಜ್ಜಿ ಅದರಡಿ ಆಡಗೊಡುತ್ತಿರಲಿಲ್ಲ.

ಹನ್ನೆರಡು ಬುಧವಾರ ಎಂದು ಲೆಕ್ಕ.
ಮದ್ದೂ ಒಬ್ಬ ಕರಡು ತಿದ್ದುಗಾರ, ಆದರೆ ಓದು ಬಾರದವನು.
ಸರಿ ಯಾವುದು ತಪ್ಪು ಯಾವುದು ನೋಡುವುದಿಲ್ಲ,
ಬೇಗ ಬೇಗ ನಕಲಾಗುವುದನ್ನೆಲ್ಲ ಹೊಡೆದುಹಾಕುತ್ತಾನೆ:
ಗಂಟಿನ ಜೊತೆಗೆ ಕೂದಲು, ಹುಬ್ಬು, ರಕ್ತದ ಬಿಳಿಯ ಕಾವಲು.
ನಾಲಗೆಗೆ ಹಳೇ ಮೊಳೆಯ ರುಚಿ.
"ಬೋಳಾಗಿದ್ದೇನಂತೆ, ನೋಡಿದವರು ಹೇಳಿದರು"
ಎಂದು ತಾನೇ ತಮಾಷೆ ಮಾಡಿದಳು.

ನರ ನಕಲಾಗುವುದಿಲ್ಲ. ಆದರೂ ಅದರೊಳಗೆ ಅದೇ ಎಳೆ,
ಬೆನ್ನಿನಿಂದ ಬೆರಳ ತುದಿಯ ತನಕ ಟ್ರಾಮ್ ಹಳಿಯ ಹಾಗೆ;
ಅದರ ಮೇಲೆಯೇ ಬುತ್ತಿ ಹೋಗಬೇಕು.
ಹಳಿ ಬಿಗಿಯಿತು.
ಕಟ್ಟಕಡೆಯ ನಿಲ್ದಾಣ ಮೊದಲು ಹಸಿಯಿತು.

ನರ್ಸ್ ಬೊಗ್ನಾ ಹಿಮದ ಕೈಚೀಲ ತೊಡಿಸುತ್ತಿದ್ದಳು,
ತಣ್ಣಗಿನ ಬೆರಳಿಗೆ ಮದ್ದು ಅಷ್ಟು ಕಡಿಮೆ ಹೋದೀತು ಎಂದು.
ಕೆಲವರಿಗೆ ಒದಗುತ್ತದಂತೆ.

ಎಂಟನೆಯ ಬುಧವಾರದ ನಂತರ ಮೇಜಿಗೆ ಬಂದಳು.
ಮುಂದಿದ್ದದ್ದು ಪದಕೋಶ.
ಹನ್ನೊಂದು ಪುಟ, ಒಂದೂ "ನಿಲ್ಲು" ಇಲ್ಲ.
ಹನ್ನೆರಡನೆಯ ಪುಟದಲ್ಲಿ ನಾನು ಬೇಕೆಂದೇ ತಪ್ಪು ಓದಿದೆ.
ಸೇತುವೆ ಇದ್ದಲ್ಲಿ ಸೌತೆ.
ಅವಳ ಬೆರಳು ಹಾದುಹೋಯಿತು.
ಯಾಕೆ ಹಾಗೆ ಮಾಡಿದೆನೋ.
ಇವತ್ತಿಗೂ ಅವಳಿಗೆ ಹೇಳಿಲ್ಲ.

ಒಂಬತ್ತಕ್ಕೆ ನಿಲ್ಲಿಸೋಣವೇ? ಡಾಕ್ಟರು ಕೇಳಿದರು.
ಬೆರಳು ಮರಳಬಹುದು, ತಿಂಗಳುಗಳು ಹಿಡಿಯಬಹುದು,
ಮರಳದೆಯೂ ಇರಬಹುದು.
ಉಳಿದ ಮೂರರಲ್ಲಿ ಬದುಕು ಎಷ್ಟಿದೆ ಎಂದು ಇವಳು ಕೇಳಿದಳು.
ಅಂಥ ತಕ್ಕಡಿ ಅವರ ಬಳಿ ಇರಲಿಲ್ಲ.
ಸಂತೆಯಲ್ಲಿ ಚೌಕಾಸಿ ಮಾಡುವವಳಂತೆ
"ಒಂದು ನಿಮಗೆ, ಎರಡು ನನ್ನ ಬೆರಳಿಗೆ" ಅಂದಳು.
ಹತ್ತಕ್ಕೆ ಮುಗಿಯಿತು.

ಈಗ ಮಾರ್ಚ್. ಗಂಟು ಸ್ಕ್ಯಾನಿನಲ್ಲಿ ಕಾಣುತ್ತಿಲ್ಲ.
ಬೆರಳಿಗೆ ಗುಂಡಿ ಯಾವುದು ನಾಣ್ಯ ಯಾವುದು ಇನ್ನೂ ತಿಳಿಯದು.
ನಿನ್ನೆ ಬಾಗಿಲು ಹಾಕು ಅಂದಳು,
ಹಾಳೆಯನ್ನು ಎರಡೂ ಅಂಗೈಯಲ್ಲಿ ಎತ್ತಿ
ಕೆಳತುಟಿಗೆ ತಾಗಿಸಿದಳು.
ಓದು, ಎಂದು ಗಡ್ಡ ಅಲ್ಲಾಡಿಸಿದಳು.

ಓದಿದೆ. ಒಂದು ಸಾಲಿಗೆ ನಾಲ್ಕು ನಿಮಿಷ.
ಹಾಳೆ ಒದ್ದೆಯಾಗುತ್ತಿತ್ತು, ಮ್ಯಾನೇಜರು ಬೈಯುತ್ತಾರೆ.
'ಸೂಲ್' ಬಂತು, ನಮ್ಮ ಮಾತಿನಲ್ಲಿ ಉಪ್ಪು.
"ನಿಲ್ಲು."
ಮೊದಲ ಅಕ್ಷರದಲ್ಲಿ ಮೂರನೆಯ ಚುಕ್ಕಿ ಇಲ್ಲ,
ಸ ಇರಬೇಕಾದಲ್ಲಿ ಇ ಕೂತಿದೆ.

ನೋಡಿದೆ. ಹೌದು.
ಕೆಂಪು ಪೆನ್ಸಿಲು ಹುಡುಕುವಷ್ಟರಲ್ಲಿ
"ಮುಂದೆ" ಅಂದಳು.